ನೆಂದ ಮಣ್ಣು, ಬೆಂದ ಮಣ್ಣು

ಆ ಬಣ್ಣದಂಗಡಿಗೆ ಬರುವವರೆಲ್ಲ ಅವಳನ್ನು ಬಣ್ಣದಕ್ಕ ಎಂದೇ ಕರೆಯುವುದು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ, ಅಂಗಡಿಯ ಯಜಮಾನರೂ ಹಾಗೇ ಕರೆಯುತ್ತಾರೆ. ಯಾರಾದರೂ ಅವಳ ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ಹಿಂದೆ ತಿರುಗಿ ಯಾರಿದ್ದಾರೆ ಎಂದು ನೋಡಿಯಾಳು. ಕೌಂಟರಿನ ಹಿಂದೆ ಬಣ್ಣ ಬೆರೆಸುವ ಯಂತ್ರ, ಅದರ ಪಕ್ಕದಲ್ಲಿ ಡಬ್ಬವನ್ನು ಹಿಡಿದು ಗಡಗಡ ಅಲ್ಲಾಡಿಸುವ ಇನ್ನೊಂದು ಯಂತ್ರ, ಎರಡರ ನಡುವೆ ಒಂದು ಎತ್ತರದ ಸ್ಟೂಲು. ಆ ಸ್ಟೂಲಿನ ಮೇಲೆ ಅವಳು ಕೂತು ಇಪ್ಪತ್ತಮೂರು ವರ್ಷವಾಯಿತು. ನಡುವೆ ಎರಡು ಸಲ ಮದುವೆಯ ಮಾತು ಬಂದು ಹಾಗೇ ಹೋಯಿತು. ಅದರ ಬಗ್ಗೆ ಅವಳಿಗೆ ಅಂಥ ಕೊರಗೇನೂ ಇಲ್ಲ. ಕೇಳಿದವರಿಗೆ, "ಬಂದವರ ಬಣ್ಣ ನನಗೆ ಬೇಗ ಗೊತ್ತಾಗಿಬಿಡುತ್ತಲ್ಲ, ಅದೇ ತೊಂದರೆ" ಎಂದು ಹೇಳಿ ಡಬ್ಬದ ಮುಚ್ಚಳ ಬಡಿಯುತ್ತಾಳೆ.

ಜನ ಅವಳ ಹತ್ತಿರ ಏನೇನೋ ತರುತ್ತಾರೆ. ಕಿತ್ತುಹೋದ ಗುಂಡಿ, ಪರದೆಯ ಚೂರು, ಹಳೆ ಗೋಡೆಯಿಂದ ಉಗುರಿನಲ್ಲಿ ಕೆರೆದು ತಂದ ಹಕ್ಕಳೆ. ಅವಳು ಅದನ್ನು ಹಿಡಿದುಕೊಂಡು ಮೊದಲು ಬಾಗಿಲಿಗೆ ಹೋಗುತ್ತಾಳೆ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಬಣ್ಣವೂ ಸುಳ್ಳು ಹೇಳುತ್ತದೆ ಎಂಬುದು ಅವಳ ಖಚಿತ ಅಭಿಪ್ರಾಯ. ಬಿಸಿಲಲ್ಲಿ ನೋಡಿ ಬಂದು ಬೆರೆಸುತ್ತಾಳೆ, ಬೆರಳಲ್ಲಿ ಒಂದು ರಟ್ಟಿನ ಮೇಲೆ ಬಳಿಯುತ್ತಾಳೆ, ತಲೆಗೂದಲು ಒಣಗಿಸುವ ಮಷೀನಿನಿಂದ ಅದನ್ನು ಒಣಗಿಸಿ ಮತ್ತೆ ಬಾಗಿಲಿಗೆ ಹೋಗುತ್ತಾಳೆ. ಈ ಓಡಾಟದಲ್ಲಿ ಯಾರಾದರೂ ಅವಸರ ಮಾಡಿದರೋ, ಮುಗಿಯಿತು.

"ಅಕ್ಕ, ಒಂದು ಒಳ್ಳೆ ಕಂದು ಕೊಟ್ಬಿಡಿ, ಸಾಕು" ಎಂದ ಒಬ್ಬ ಒಮ್ಮೆ.

"ಕಂದು ಅಂದ್ರೆ ಯಾವ್ದು? ನೂರು ಕಂದು ಇದೆ."

"ನನ್ನ ಮುಖದ ಬಣ್ಣ ಅಂದ್ಕೊಳ್ಳಿ."

"ಯಾವ ಮುಖ? ಹೆಂಡತಿ ಜೊತೆ ಬಂದಾಗಿನದಾ, ಒಬ್ಬರೇ ಬಂದಾಗಿನದಾ?"

ಪಕ್ಕದಲ್ಲಿ ನಿಂತಿದ್ದ ಹೆಂಡತಿ ನಕ್ಕಳು. ಅವನು ನಗಲಿಲ್ಲ, ಆದರೆ ಆಮೇಲೆ ಅವನು ಬೇರೆ ಅಂಗಡಿಗೆ ಹೋದದ್ದೂ ಇಲ್ಲ.

ಬಣ್ಣ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಪೇಂಟರು, ಎಂಟು ಹತ್ತು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸಿದ ಮೇಸ್ತ್ರಿ. ಬಣ್ಣದ ಕಂಪನಿಯವರು ಬಣ್ಣಗಳಿಗೆ ನಂಬರು ಕೊಡುತ್ತಾರೆ, ನಂಬರಿನ ಕೆಳಗೆ ಬಾಯಿ ತಿರುಗದ ಒಂದು ಹೆಸರನ್ನೂ ಕೊಡುತ್ತಾರೆ. ಮೇಸ್ತ್ರಿಗೆ ಎರಡೂ ಆಗಿಬರಲಿಲ್ಲ. ಅವರು ತಮ್ಮದೇ ಹೆಸರಿಟ್ಟರು. ಹಳೇ ಹಗ್ಗ, ಇಲಿ ಬೆನ್ನು, ಸೋಮಾರಿ ಹಸಿರು, ಅತ್ತ ಕಣ್ಣು. ಅವರ ಕೈಕೆಳಗೆ ಪಳಗಿದವರೆಲ್ಲ ಅದೇ ಹೆಸರು ಹೇಳಿ ಹೇಳಿ, ಕೊನೆಗೆ ಊರಿನ ಪೇಂಟರುಗಳೆಲ್ಲ ಅಂಗಡಿಗೆ ಬಂದು "ಇಲಿ ಬೆನ್ನು ನಾಲ್ಕು ಡಬ್ಬ" ಎನ್ನುವಂತಾಯಿತು. ಯಂತ್ರಕ್ಕೆ ಇಲಿ ಬೆನ್ನು ಅಂದರೆ ಏನು ಗೊತ್ತು? ಹಾಗಾಗಿ ಅವಳು ಒಂದು ನೋಟುಪುಸ್ತಕ ಮಾಡಿದಳು. ಎಡಗಡೆ ಅಪ್ಪನ ಹೆಸರು, ಬಲಗಡೆ ಯಂತ್ರದ ನಂಬರು. ಈಗ ಅದರ ಹೊದಿಕೆ ಹರಿದು ಅಂಚೆಲ್ಲ ಬಣ್ಣ ಮೆತ್ತಿದೆ, ಆದರೆ ಅದಿಲ್ಲದೆ ಅಂಗಡಿ ನಡೆಯುವುದಿಲ್ಲ.

ಆ ಪುಸ್ತಕದಲ್ಲಿ ಮೇಲೊಂದು ಕೆಳಗೊಂದು ಎರಡು ಬಣ್ಣಗಳಿದ್ದವು. ನೆಂದ ಮಣ್ಣು, ಬೆಂದ ಮಣ್ಣು. ಎರಡೂ ಗಾಢ ಕಂದು, ಎರಡೂ ಮಣ್ಣಿನವೇ. ನೆಂದ ಮಣ್ಣು ಎಂದರೆ ನೀರು ಕುಡಿದು ಕೂತ ನೆಲದ ಬಣ್ಣ, ಒಳಗೆಲ್ಲೋ ಸ್ವಲ್ಪ ಕಪ್ಪು, ಸ್ವಲ್ಪ ತಣ್ಣಗೆ. ಬೆಂದ ಮಣ್ಣು ಎಂದರೆ ಗೂಡಿನಲ್ಲಿ ಸುಟ್ಟು ಎಷ್ಟೋ ವರ್ಷ ಹೊರಗೆ ಬಿದ್ದಿದ್ದ ಇಟ್ಟಿಗೆಯ ಬಣ್ಣ, ಒಳಗೆಲ್ಲೋ ಸ್ವಲ್ಪ ಕೆಂಪು. ಅಕ್ಕಪಕ್ಕ ಇಟ್ಟರೂ ಹತ್ತರಲ್ಲಿ ಒಂಬತ್ತು ಜನ "ಎರಡೂ ಒಂದೇ ಅಲ್ವಾ" ಎನ್ನುತ್ತಾರೆ. ಹಾಗೆಂದವರನ್ನು ಮೇಸ್ತ್ರಿ ಎರಡನೇ ಸಲ ಮಾತಾಡಿಸುತ್ತಿರಲಿಲ್ಲ.

ಅವಳು ಅಂಗಡಿಗೆ ಸೇರಿದ ಮೊದಲ ವರ್ಷ ಅಪ್ಪ ಒಂದು ವಾಚನಾಲಯದ ಕೆಲಸ ಹಿಡಿದಿದ್ದರು. ಅಲ್ಲಿಂದ ಫೋನು ಮಾಡಿ "ನೆಂದ ಮಣ್ಣು ಆರು ಡಬ್ಬ ಕಳಿಸು" ಎಂದರು. ಹಿಂದೆ ಯಾರೋ ಗೋಡೆ ಉಜ್ಜುತ್ತಿದ್ದ ಸದ್ದು, ಇಲ್ಲಿ ಡಬ್ಬ ಅಲ್ಲಾಡಿಸುವ ಸದ್ದು. ಅವಳ ಕಿವಿಗೆ ಬಿದ್ದದ್ದು ಬೆಂದ ಮಣ್ಣು. ಒಂದು ಅಕ್ಷರ, ಅಷ್ಟೇ. ಸಂಜೆ ದೀಪದ ಬೆಳಕಲ್ಲಿ ಉದ್ದನೆಯ ಗೋಡೆಗೆ ಬಳಿದೂ ಆಯಿತು. ಬೆಳಿಗ್ಗೆ ಕಿಟಕಿ ತೆರೆದಾಗ ಗೋಡೆ ಕೆಂಪಾಗಿ ನಿಂತಿತ್ತು. ಮೇಸ್ತ್ರಿ ಯಾರ ಮೇಲೂ ಹಾರಾಡಲಿಲ್ಲ. ಕೈಯಾರೆ ಎರಡು ದಿನ ನಿಂತು ಮತ್ತೆ ಬಳಿದರು. ಮನೆಗೆ ಬಂದು ಮಗಳ ಜೊತೆ ಒಂಬತ್ತು ದಿನ ಮಾತು ಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹತ್ತನೇ ದಿನ ಚಪ್ಪಲಿ ಮೆಟ್ಟುತ್ತಾ ಅವರು ಇಷ್ಟು ಹೇಳಿದರು:

"ಕೇಳಿಸ್ತು ಅನ್ನಿಸಿದ್ಮೇಲೂ ಇನ್ನೊಂದು ಸಲ ಕೇಳು."

ಅವತ್ತಿನಿಂದ ಅದು ಅಂಗಡಿಯ ಕಾನೂನಾಯಿತು. ಯಾರು ಯಾವ ಬಣ್ಣ ಕೇಳಿದರೂ ಅವಳು ಎರಡನೇ ಸಲ ಕೇಳಿಯೇ ಯಂತ್ರ ಮುಟ್ಟುವುದು. ಈ ಎರಡು ಮಣ್ಣಿಗಂತೂ ಪ್ರಶ್ನೆಯೇ ಬೇರೆ. "ನೀರಾ, ಬೆಂಕಿಯಾ?" ಎನ್ನುತ್ತಾಳೆ. ನೀರು ಎಂದರೆ ನೆಂದದ್ದು, ಬೆಂಕಿ ಎಂದರೆ ಬೆಂದದ್ದು. ಹೊಸಬರು ಕಣ್ಣು ಕಣ್ಣು ಬಿಡುತ್ತಾರೆ, ಹಳಬರು ಥಟ್ಟನೆ ಉತ್ತರ ಕೊಡುತ್ತಾರೆ. ಅಪ್ಪನೂ ಫೋನಿನಲ್ಲಿ ಮೊದಲೇ ಹೇಳಿಬಿಡುತ್ತಿದ್ದರು, "ನೆಂದ ಮಣ್ಣು, ನೀರು, ಎರಡು ಡಬ್ಬ." ಅವರ ದನಿಯಲ್ಲಿ ಆಗ ಒಂದು ಚೂರು ನಗು ಇರುತ್ತಿತ್ತು. ಅವಳೂ ಬಿಡುತ್ತಿರಲಿಲ್ಲ, "ನೀರೇ ತಾನೇ?" ಎಂದು ಮತ್ತೆ ಕೇಳುತ್ತಿದ್ದಳು.

ಐವತ್ತು ವರ್ಷ ಏಣಿಯ ಮೇಲೆ ನಿಂತರೂ ಬೀಳದ ಮನುಷ್ಯ ಒಂದು ಬೆಳಿಗ್ಗೆ ಹೊಸಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಬಿದ್ದರು. ಲಕ್ವ ಎಂದರು ಆಸ್ಪತ್ರೆಯಲ್ಲಿ. ಬಲಗಡೆ ಕೈಕಾಲು ಹೋಯಿತು, ಮಾತೂ ಹೋಯಿತು. ಹದಿನೇಳು ದಿನದ ಮೇಲೆ ಮನೆಗೆ ಕರೆತಂದು, ಮೆಟ್ಟಿಲು ಹತ್ತಿಸುವ ಹಾಗಿಲ್ಲದ್ದರಿಂದ ಕೆಳಗಿನ ಮುಂದಿನ ಕೋಣೆಯಲ್ಲಿ ಮಂಚ ಹಾಕಿದರು. ಆ ಕೋಣೆಗೆ ಬಿಳಿ ಗೋಡೆ. ಪೇಂಟರ ಮನೆಯಲ್ಲಿ ಯಾವತ್ತೂ ಗೋಡೆ ಬಿಳಿಯೇ ಇರುತ್ತದೆ, ಬೇರೆಯವರ ಗೋಡೆ ಮುಗಿದರೆ ತಾನೇ ತನ್ನದು.

ಮಂಚದ ಮೇಲೆ ಒರಗಿಸಿದ ಐದು ನಿಮಿಷಕ್ಕೆ ಅಪ್ಪ ಎಡಗೈ ಎತ್ತಿ ಎದುರಿನ ಗೋಡೆಯ ಕಡೆ ತೋರಿಸಿದರು. ಬಾಯಿ ಒಂದು ಕಡೆ ವಾಲಿತ್ತು. ಆದರೂ ಕಷ್ಟಪಟ್ಟು ಎಂದರು:

"ಎಂದಣ್ಣು."

ಹದಿನೇಳು ದಿನದಲ್ಲಿ ಬಂದ ಮೊದಲ ಮಾತು. ಬಣ್ಣದಕ್ಕನಿಗೆ ಜೀವ ಬಂದ ಹಾಗಾಯಿತು. ಬೇರೆ ಯಾರಿಗೂ ಅದು ಅರ್ಥವಾಗಲು ಸಾಧ್ಯವೇ ಇರಲಿಲ್ಲ, ಅವಳಿಗೆ ಮಾತ್ರ ಆಯಿತು. ಮಾತಿನ ಮೊದಲ ಅಕ್ಷರ ನಾಲಿಗೆಗೆ ಸಿಗುತ್ತಿಲ್ಲ. ಮಣ್ಣು ಎನ್ನಲು ಹೋಗಿ ಅಣ್ಣು ಆಗಿದೆ. ಮಲಗುವ ಕೋಣೆಗೆ ಮಣ್ಣಿನ ಬಣ್ಣ ಇರಬೇಕು, ಬಿಳಿ ಇದ್ದರೆ ಮನುಷ್ಯನಿಗೆ ನಿದ್ದೆ ಬರುವುದಿಲ್ಲ ಎಂದು ಜನರಿಗೆಲ್ಲ ಹೇಳಿಕೊಂಡು ಬಂದವರಲ್ಲವೇ ಅವರು. ಈಗ ತಮಗೆ ಕೇಳುತ್ತಿದ್ದಾರೆ.

"ಆಯ್ತಪ್ಪ, ಬಳಿಸ್ತೀನಿ" ಎಂದವಳು ಅಭ್ಯಾಸಬಲದಿಂದ ಬಾಯಿ ತೆರೆದಳು. "ನೀರಾ, ಬೆಂಕಿಯಾ?"

"ಎಂದಣ್ಣು."

ಆಗ ಅವಳಿಗೆ ಹೊಳೆಯಿತು. 'ನೆಂದ' ಅನ್ನಲು ಹೋದರೂ 'ಎಂದ', 'ಬೆಂದ' ಅನ್ನಲು ಹೋದರೂ 'ಎಂದ'. ಬಿದ್ದುಹೋದದ್ದು ಒಂದೇ ಅಕ್ಷರ, ಅದು ಹಳೆಯ ಅದೇ ಅಕ್ಷರ.

ಮರುದಿನ ಅವಳು ಎರಡೂ ಬಣ್ಣದ ಚಿಕ್ಕ ಡಬ್ಬ ತಂದು ಎದುರಿನ ಗೋಡೆಯ ಮೇಲೆ ಬಾಗಿಲಗಲದ ಎರಡು ಪಟ್ಟಿ ಬಳಿದಳು. ಎಡಕ್ಕೆ ನೆಂದದ್ದು, ಬಲಕ್ಕೆ ಬೆಂದದ್ದು. ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ನೋಡಿದರೆ ಎರಡೂ ಬೇರೆಯೇ, ಬಲಗಡೆಯದು ಒಳಗೆ ಕೆಂಡ ಮುಚ್ಚಿಟ್ಟ ಹಾಗೆ. ಸಂಜೆ ಬಂದು ನೋಡಿದರೆ ಎರಡೂ ಒಂದೇ ಆಗಿ ಕೂತಿರುತ್ತಿದ್ದವು. ಅವಳು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಅಪ್ಪನ ಜೊತೆ ಮಾತಿಗೆ ಕೂರುತ್ತಿದ್ದಳು. ಕಿಟಕಿ ಉತ್ತರಕ್ಕಿದೆ, ಬೆಳಕು ತಣ್ಣಗೆ ಬೀಳುತ್ತದೆ, ಹಾಗಾಗಿ ಬೆಂದದ್ದೇ ಸರಿ ಅನ್ನಿಸುತ್ತದೆ. ಆದರೆ ಬೇಸಿಗೆಯಲ್ಲಿ ಇದೇ ಕೋಣೆ ಕಾದ ಹೆಂಚಾಗುತ್ತದೆ, ಆಗ ನೆಂದದ್ದೇ ಹಿತ. ನೀನೇನಂತೀಯ ಅಪ್ಪ? ಅವರು ಗೋಡೆ ನೋಡುತ್ತಿದ್ದರು, ಅವಳ ಮುಖ ನೋಡುತ್ತಿದ್ದರು, ಆಮೇಲೆ "ಎಂದಣ್ಣು" ಎನ್ನುತ್ತಿದ್ದರು. ಪ್ರತಿ ಸಂಜೆಯೂ ಹೀಗೇ ನಡೆಯಿತು.

ಅವಳು ಬಿಡುವ ಪೈಕಿಯಲ್ಲ. ಎರಡು ರಟ್ಟಿಗೆ ಎರಡೂ ಬಣ್ಣ ಬಳಿದು ಒಣಗಿಸಿ ತಂದು ಅವರ ಮುಂದೆ ಹಿಡಿದಳು. "ಬೇಕಾದ್ದು ಮುಟ್ಟು." ಅಪ್ಪ ನೆಂದದ್ದನ್ನು ಮುಟ್ಟಿದರು. ಮಾರನೇ ದಿನವೂ ಅದನ್ನೇ ಮುಟ್ಟಿದರು, ಅದರ ಮಾರನೇ ದಿನವೂ. ಕುಣಿಯುವಷ್ಟು ಖುಷಿಯಾಗಿ ಆರು ಡಬ್ಬ ಬೆರೆಸಲು ಹೊರಟವಳು, ಬಾಗಿಲಲ್ಲಿ ನಿಂತು, ಇನ್ನೊಂದು ಸಲ ಕೇಳು ಎಂಬುದು ನೆನಪಾಗಿ ವಾಪಸ್ಸು ಬಂದಳು. ರಟ್ಟುಗಳನ್ನು ಅದಲುಬದಲು ಮಾಡಿ ಹಿಡಿದಳು. ಅಪ್ಪ ಬೆಂದದ್ದನ್ನು ಮುಟ್ಟಿದರು. ಆಡುವುದು ಎಡಗೈ ಒಂದೇ, ಆ ಕೈಗೆ ಯಾವುದು ಹತ್ತಿರವೋ ಅದನ್ನು ಮುಟ್ಟುತ್ತಿದ್ದರು. ಅವಳು ರಟ್ಟುಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಅಪ್ಪನ ಹಳೆಯ ಜೊತೆಗಾರ ಏಣಿ ಮಾವ ನೋಡಲು ಬಂದರು. ಆರೂವರೆ ಅಡಿಯ ಆಳು, ಮನೆಯ ಒಳಗೆ ಬರಬೇಕಾದರೆ ಬಾಗಿಲಿಗೆ ತಲೆ ಬಗ್ಗಿಸಬೇಕು. ಏಣಿಯಿಲ್ಲದೆ ಮೇಲ್ಛಾವಣಿಗೆ ಬಣ್ಣ ಹೊಡೆದವರು ಎಂದು ಜೊತೆಯವರು ಇಟ್ಟ ಹೆಸರು ಅದು. ಗೋಡೆಯ ಎರಡು ಪಟ್ಟಿ ನೋಡಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಬೆಂದದ್ದು ಕಣಮ್ಮ, ಅದರಲ್ಲಿ ಯೋಚನೆ ಏನು? ಮೇಸ್ತ್ರಿಗೆ ಜೀವಮಾನದಲ್ಲಿ ಬೆಂಕಿ ಅಂದ್ರೇನೇ ಪ್ರೀತಿ. ಸಿಟ್ಟು ನೋಡಿಲ್ವಾ ನೀನು?"

"ನಿಮಗೆ ಹೇಗೆ ಗೊತ್ತು ಮಾವ, ಅವರೇ ಹೇಳಿದ್ರಾ?"

"ಹೇಳಬೇಕಾ? ಮೇಸ್ತ್ರಿ, ಬೆಂದದ್ದು ತಾನೇ?"

"ಎಂದಣ್ಣು" ಎಂದರು ಅಪ್ಪ.

"ನೋಡು" ಎಂದರು ಏಣಿ ಮಾವ, ಗೆದ್ದವರ ಹಾಗೆ.

"ನೆಂದದ್ದು ತಾನೇ ಅಪ್ಪ?" ಎಂದಳು ಅವಳು.

"ಎಂದಣ್ಣು."

ಏಣಿ ಮಾವನ ಮುಖ ಸಪ್ಪಗಾಯಿತು. ಅವರು ಅಪ್ಪನ ಕಾಲ ಹತ್ತಿರ ಕೂತು, ಹೊದಿಕೆಯನ್ನು ಸುಮ್ಮನೆ ಎರಡು ಸಲ ಸರಿಮಾಡಿ, ಮತ್ತೆ ಬರುತ್ತೇನೆಂದು ಹೇಳಿ ಹೋದರು.

ಅಮ್ಮನನ್ನು ಕೇಳಿದರೆ ಅಮ್ಮ ಯಾವತ್ತೂ ಮಾತು ಹಾರಿಸುತ್ತಿದ್ದಳು. ನಲವತ್ತೆಂಟು ವರ್ಷ ಸಂಸಾರ ಮಾಡಿದವಳು, ಗಂಡನಿಗೆ ಯಾವ ಬಣ್ಣ ಇಷ್ಟ ಎಂದು ಗೊತ್ತಿಲ್ಲವೇ? "ನನಗೆ ಎರಡೂ ಒಂದೇ ಥರ ಕಾಣುತ್ತೆ ಕಣೆ" ಎಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಬಣ್ಣದಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಗಡಿಯಲ್ಲೂ ಅವಳ ಬಾಯಿ ಮೊದಲಿನಂತಿರಲಿಲ್ಲ. ಯಾರಾದರೂ ಬಂದು "ಬೆಂದ ಮಣ್ಣು" ಎಂದರೆ ಸಾಕು, ಅವರ ಬಾಯನ್ನೇ ನೋಡುತ್ತಿದ್ದಳು. ಎಷ್ಟು ಸಲೀಸಾಗಿ ಹೇಳುತ್ತಾರೆ ಇವರೆಲ್ಲ, ಆ ಒಂದು ಅಕ್ಷರವನ್ನು. ತುಟಿಗೆ ತುಟಿ ತಾಗಿಸಿ ಆ 'ಬ'ವನ್ನು, ನಾಲಿಗೆ ಹಲ್ಲಿಗೆ ಒತ್ತಿ ಆ 'ನ'ವನ್ನು. ಅವಳು ಸ್ಟೂಲಿನ ಮೇಲೆ ಕೂತು ತಾನೇ ಹೇಳಿ ನೋಡಿಕೊಳ್ಳುತ್ತಿದ್ದಳು, ಅಪ್ಪನಿಗೆ ಯಾವುದು ಹೆಚ್ಚು ಕಷ್ಟವಾಗಿರಬಹುದು ಎಂದು. ಯಜಮಾನರು ಒಂದು ದಿನ "ಬಣ್ಣದಕ್ಕ, ಹುಷಾರಾಗಿದೀರಾ?" ಎಂದು ಕೇಳಿದರು.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅಪ್ಪ ಎದ್ದು ಓಡಾಡುತ್ತಾರೆ ಎಂಬ ಆಸೆಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದಳು. ಇನ್ನು ಇರುವಷ್ಟು ದಿನ ಅವರು ನೋಡಿಕೊಂಡಿರುವುದು ಆ ಒಂದು ಗೋಡೆಯನ್ನು. ಅದನ್ನಾದರೂ ಅವರು ಕೇಳಿದ ಬಣ್ಣದಲ್ಲಿ ಕೊಡಬೇಕು, ಎರಡನೇ ಸಲ ಅದೇ ತಪ್ಪು ಮಾಡಬಾರದು. ತಪ್ಪು ಮಾಡಿದರೆ ಈ ಸಲ ಅವರಿಗೆ ಮಾತು ಬಿಟ್ಟು ಕೂರಲೂ ಆಗುವುದಿಲ್ಲ.

ಮೂರನೇ ವಾರದ ಒಂದು ಮಧ್ಯಾಹ್ನ ಅಂಗಡಿ ಬೀದಿಯಲ್ಲಿ ಕರೆಂಟು ಹೋಯಿತು. ಯಂತ್ರ ನಿಂತಿತು, ಸಂಜೆವರೆಗೂ ಬರುವುದಿಲ್ಲ ಎಂದರು. ಅವಳು ಮನೆಗೆ ಹೊರಟಳು. ಅಷ್ಟು ಹೊತ್ತಿನಲ್ಲಿ ಅವಳು ಮನೆಗೆ ಬಂದದ್ದೇ ಇಲ್ಲ. ಮುಂದಿನ ಕೋಣೆಯ ಕಿಟಕಿ ತೆರೆದಿತ್ತು, ಒಳಗಿನ ಮಾತು ಬೀದಿಗೆ ಕೇಳುತ್ತಿತ್ತು.

"ನೀರು ಬೇಕಾ?" ಅಮ್ಮನ ದನಿ.

"ಎಂದಣ್ಣು."

"ತಗೊಳ್ಳಿ, ನಿಧಾನ. ಸಾಕಾ?"

"ಎಂದಣ್ಣು."

"ಫ್ಯಾನು ಜೋರಾಯ್ತಾ? ಬೇಡ್ವಾ? ದಿಂಬು? ದಿಂಬು ಎತ್ತರ ಮಾಡ್ಲಾ?"

"ಎಂದಣ್ಣು, ಎಂದಣ್ಣು." ಈ ಸಲ ಸಿಟ್ಟಿನಲ್ಲಿ.

"ಗೊತ್ತಾಯ್ತು ಬಿಡಿ, ಬೆನ್ನು ನೋವು. ಈ ಕಡೆ ತಿರುಗಿಸ್ತೀನಿ."

ಅವಳ ಕಾಲು ಅಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿದ್ದಳೋ. ಎದುರು ಮನೆಯವರು ಏನಾದರೂ ಕಳೆದುಹೋಯಿತೇ ಎಂದು ಕೇಳಿದಾಗ, ಬೀಗದ ಕೈ ಎಂದು ಸುಳ್ಳು ಹೇಳಿ ಒಳಗೆ ಹೋದಳು. ಅಮ್ಮ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಮಗಳ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಯಾವಾಗಿಂದಮ್ಮ?"

"ಮೊದಲಿಂದಲೂ" ಎಂದಳು ಅಮ್ಮ. "ಮಧ್ಯಾಹ್ನ ಮಾತು ಕಲಿಸೋಕೆ ಬರ್ತಾರಲ್ಲ ಮೇಡಂ, ಅವರು ಮೊದಲ ದಿನವೇ ಹೇಳಿದ್ರು. ಕೆಲವರಿಗೆ ಹಾಗೆ ಒಂದೇ ಒಂದು ಮಾತು ಉಳ್ಕೊಳ್ಳುತ್ತಂತೆ. ಏನು ಹೇಳೋಕೆ ಹೋದ್ರೂ ಅದೇ ಬರುತ್ತಂತೆ. ಅದಕ್ಕೆ ಅರ್ಥ ಹುಡುಕಬೇಡಿ, ದನಿ ನೋಡಿ ತಿಳ್ಕೊಳ್ಳಿ ಅಂದ್ರು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ? ಮೂರು ವಾರ, ದಿನಾ ಸಂಜೆ, ಹುಚ್ಚಿ ಥರ ಆ ರಟ್ಟು ಹಿಡ್ಕೊಂಡು..."

ಅಮ್ಮ ನಲ್ಲಿ ನಿಲ್ಲಿಸಿದಳು. "ಬಂದವರೆಲ್ಲ ಅವರನ್ನ ಮಗು ಥರ ಮಾತಾಡಿಸ್ತಾರೆ. ಊಟ ಆಯ್ತಾ, ಜಾಣ, ಬಾಯಿ ತೆಗಿ. ನಾನೂ ಅಷ್ಟೇ, ಏನು ಮಾಡ್ಲಿ, ಕೆಲಸ ಆಗಬೇಕಲ್ಲ. ನೀನೊಬ್ಬಳು ಬಂದು ಕಿಟಕಿ ಉತ್ತರಕ್ಕಿದೆ, ಬೆಳಕು ಹಾಗಿದೆ ಹೀಗಿದೆ ಅಂತ ಮೇಸ್ತ್ರಿ ಹತ್ರ ಮಾತಾಡ್ದಂಗೆ ಮಾತಾಡ್ತಿದ್ದೆ. ಸಂಜೆ ನಿನ್ನ ಗೇಟಿನ ಸದ್ದಾದ್ರೆ ಅವರ ಮುಖ ನೋಡ್ಬೇಕಿತ್ತು ನೀನು. ಹೇಳಿದ್ರೆ ನೀನೂ ನಿಲ್ಲಿಸ್ತಿದ್ದೆ. ನನ್ನ ಕೈಲಿ ಆಗಲಿಲ್ಲಮ್ಮ."

ಅವಳಿಗೆ ಅಮ್ಮನ ಮೇಲೆ ಕೂಗಾಡಬೇಕು ಎನ್ನಿಸಿತು, ಆಗಲಿಲ್ಲ. ಅಳು ಬಂತು. ಬಣ್ಣ ಕೇಳಿರಲೇ ಇಲ್ಲವೇನೋ ಅಪ್ಪ. ಅವತ್ತು ಗೋಡೆಯ ಕಡೆ ಕೈ ತೋರಿಸಿ ಏನು ಕೇಳಿದ್ದರು? ನೀರು ಕೇಳಿದರೋ, ಮನೆಗೆ ಬಂದೆ ಎಂದರೋ, ಬೆನ್ನು ನೋವು ಎಂದರೋ. ಅವಳು ಅದಕ್ಕೆಲ್ಲ "ನೀರಾ, ಬೆಂಕಿಯಾ" ಎಂದು ಕೇಳುತ್ತಾ ಕೂತಿದ್ದಳು. ಆದರೂ ಅವರ ಬಾಯಲ್ಲಿ ಉಳಿದ ಒಂದೇ ಮಾತು ಅದೇ ಯಾಕೆ ಆಯಿತು? ಲೋಕದ ಇಷ್ಟೊಂದು ಮಾತುಗಳಲ್ಲಿ ಆ ಎರಡು ಬಣ್ಣವೇ ಯಾಕೆ ಅಂಟಿಕೊಂಡವು? ಅಥವಾ ಅದು ಬಣ್ಣದ ಹೆಸರೇ ಅಲ್ಲವೋ, ಬರೀ ಸದ್ದೋ? ಯಾರನ್ನು ಕೇಳುವುದು? ಗೊತ್ತಿದ್ದವರು ಒಬ್ಬರೇ, ಅವರು ಅಲ್ಲಿ ಮಲಗಿದ್ದಾರೆ.

ಅವತ್ತು ಸಂಜೆಯೂ ಅವಳು ಕುರ್ಚಿ ಎಳೆದುಕೊಂಡು ಕೂತಳು. ಗೋಡೆಯ ವಿಷಯ ಎತ್ತಲು ನೋಡಿದಳು, ದನಿ ಮೊದಲಿನ ಹಾಗೆ ಬರಲಿಲ್ಲ. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಯಾವ ಗೋಡೆಯಲ್ಲಿ ಎಷ್ಟು ತೇವ ಇದೆ ಎಂದು ದೂರದಿಂದಲೇ ಹೇಳುತ್ತಿದ್ದ ಕಣ್ಣು, ಮಗಳ ಮುಖದಲ್ಲಿ ಬಂದ ಬದಲಾವಣೆ ಕಾಣದೇ ಇರುತ್ತದೆಯೇ. ಅವರು ಮೆಲ್ಲಗೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಭಾನುವಾರ ಏಣಿ ಮಾವ ಬ್ರಷ್ಷು, ರೋಲರು ಹಿಡಿದುಕೊಂಡು ಬಂದರು. "ಯಾವುದು ಅಂತ ಆಯ್ತಾ?" ಎಂದು ಕೇಳಿದರು. ಅವಳು ಬಾಗಿಲಲ್ಲಿ ನಿಂತು ಕೋಣೆಯನ್ನು ಬೇರೆಯವರ ಮನೆಯ ಕೋಣೆ ಎಂಬಂತೆ ನೋಡಿದಳು. ಉತ್ತರದ ತಣ್ಣನೆಯ ಬೆಳಕು, ತಣ್ಣಗಿನ ನೆಲ, ಮಂಚದ ಮೇಲೆ ತಣ್ಣಗಿನ ಬಲಗೈ. ಅಂಗಡಿಗೆ ಯಾರಾದರೂ ಬಂದು ಹೀಗೆ ಒಂದು ಕೋಣೆ ಇದೆ ಎಂದಿದ್ದರೆ ಏನು ಕೊಡುತ್ತಿದ್ದಳು ಎಂದು ಯೋಚಿಸಿದಳು.

"ಬೆಂದದ್ದು" ಎಂದಳು.

ಇಬ್ಬರೂ ಸೇರಿ ಬಳಿದರು. ಮಧ್ಯಾಹ್ನದ ಹೊತ್ತಿಗೆ ನೆಂದ ಮಣ್ಣಿನ ಪಟ್ಟಿಯೂ ಬೆಂದ ಮಣ್ಣಿನೊಳಗೆ ಮುಚ್ಚಿಹೋಯಿತು. ಅಪ್ಪ ಒರಗಿಕೊಂಡು ಉದ್ದಕ್ಕೂ ನೋಡುತ್ತಿದ್ದರು. ಒಂದು ಸಲ ಅವಳು ರೋಲರಿಗೆ ಬಣ್ಣ ಹೆಚ್ಚು ಮೆತ್ತಿದಾಗ "ಎಂದಣ್ಣು" ಎಂದು ಗದರಿದರು. ಏಣಿ ಮಾವ ನಕ್ಕು, "ಇದು ಮಾತ್ರ ನನಗೆ ಅರ್ಥ ಆಯ್ತು" ಎಂದರು. ಅವಳೂ ನಕ್ಕಳು, ರೋಲರಿನ ಬಣ್ಣ ಒರೆಸಿಕೊಂಡಳು.

ಏಣಿ ಮಾವ ಹೋದ ಮೇಲೆ ಅವಳು ಕೈ ತೊಳೆಯದೆ ಮಂಚದ ಅಂಚಿನಲ್ಲಿ ಕೂತಳು. ಗೋಡೆ ಇನ್ನೂ ಹಸಿಯಾಗಿತ್ತು. ಹಸಿಯಿರುವಾಗ ಬೆಂದದ್ದೂ ನೆಂದದ್ದರ ಹಾಗೇ ಕಾಣುತ್ತದೆ, ಕಪ್ಪಾಗಿ, ತಣ್ಣಗೆ. ಒಣಗುತ್ತಾ ಒಣಗುತ್ತಾ ಕೆಂಪು ಮೇಲೆ ಬರುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ಆ ವಾಚನಾಲಯದಲ್ಲೂ ಹೀಗೇ ಬಂದಿರಬೇಕು. ಅಪ್ಪನಿಗೆ ಈಗ ಅದು ನೆನಪಾಗುತ್ತಿದೆಯೇ, ಇವಳು ಮತ್ತೆ ಅದನ್ನೇ ಮಾಡಿದಳು ಎಂದುಕೊಳ್ಳುತ್ತಿದ್ದಾರೆಯೇ, ಅಥವಾ ಸರಿಯಾಗಿದೆ ಎನ್ನುತ್ತಿದ್ದಾರೆಯೇ? ಇನ್ನು ಯಾವತ್ತೂ ಅವಳಿಗೆ ತಿಳಿಯುವುದಿಲ್ಲ. ಇದನ್ನು ಹೇಗೆ ತಡೆದುಕೊಳ್ಳಬೇಕು ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

"ಅಪ್ಪ" ಎಂದಳು. "ಗೋಡೆ ಬಿಡು. ನಾನು ಯಾರು ಹೇಳು?"

ಅಪ್ಪ ಎಡಗೈ ಎತ್ತಿ ಅವಳ ಮೊಣಕೈಗೆ ಮೆತ್ತಿದ್ದ ಬಣ್ಣವನ್ನು ಹೆಬ್ಬೆರಳಿನಿಂದ ಉಜ್ಜಿದರು, ಆ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಎಂದಣ್ಣು" ಎಂದರು, ತುಂಬ ಮೆಲ್ಲಗೆ.

ಅವಳು ಇನ್ನೊಂದು ಸಲ ಕೇಳಲಿಲ್ಲ.